ಪರದೆಯ ಮೇಲಿನ ಸ್ಪ್ಯಾನಿಷ್ ಮಗುವಿಗೆ ದಕ್ಕುತ್ತಿದೆಯೇ?

ಪ್ರಶ್ನೆ: ನಾವಿರುವುದು ಟೆಕ್ಸಾಸ್‌ನ ಆಸ್ಟಿನ್‌ನಲ್ಲಿ. ಮನೆಯಲ್ಲಿ ಕನ್ನಡ. ಮಗಳಿಗೆ 4 ವರ್ಷ. ಸ್ಪ್ಯಾನಿಷ್, ಇಂಗ್ಲಿಷ್ ಎರಡರಲ್ಲೂ ಪಾಠ ಮಾಡುವ ಪ್ರೀ-ಕೆ (ಕಿಂಡರ್‌ಗಾರ್ಟನ್‌ಗೆ ಮೊದಲಿನ) ತರಗತಿಗೆ ಸೇರಿಸುತ್ತಿದ್ದೇವೆ. ತಯಾರಿ ಇರಲಿ ಎಂದು ‘ಡೋರಾ’, ‘ಅಲ್ಮಾಸ್ ವೇ’, ‘ರೋಸೀಸ್ ರೂಲ್ಸ್’ ಎಂಬ ಮಕ್ಕಳ ಟಿವಿ ಕಾರ್ಯಕ್ರಮಗಳನ್ನು ತೋರಿಸುತ್ತಿದ್ದೇವೆ. ಸ್ಪ್ಯಾನಿಷ್‌ನಲ್ಲಿ ಹತ್ತರವರೆಗೆ ಎಣಿಸುತ್ತಾಳೆ, ಉಚ್ಚಾರ ಚೆನ್ನಾಗಿದೆ ಎಂದು ಅಕ್ಕಪಕ್ಕದವರೂ ಹೇಳುತ್ತಾರೆ. ನಿಜಕ್ಕೂ ಕಲಿಯುತ್ತಿದ್ದಾಳೆಯೇ ಎಂದು ತಿಳಿಯುವುದು ಹೇಗೆ? ತರಗತಿಯ ಮೂವತ್ತು ಮಕ್ಕಳ ಪೋಷಕರು ಸೇರಿ ಒಳ್ಳೆಯ ಕಾರ್ಯಕ್ರಮಗಳ ಪಟ್ಟಿ ಮಾಡಬೇಕೆಂದಿದ್ದೇವೆ. ಅಳೆಯಲು ಸರಿಯಾದ ಕ್ರಮ ಇದೆಯೇ? 10 ತಿಂಗಳ ಮಗನೂ ಅಕ್ಕನ ಪಕ್ಕ ಕೂತು ನೋಡುತ್ತಾನೆ, ಅದರಿಂದ ಅವನಿಗೇನಾದರೂ ಉಪಯೋಗವೇ?

ಉತ್ತರ: ಮೊದಲು ಎಣಿಕೆಯ ವಿಷಯ. ಹತ್ತು ಬಾಟಲಿ ಮುಚ್ಚಳಗಳನ್ನು ಮಗಳ ಮುಂದಿಟ್ಟು ‘ದಾಮೆ ಕ್ವಾತ್ರೊ’ (ನಾಲ್ಕು ಕೊಡು) ಎನ್ನಿ. ಬೆರಳು ತೋರಿಸಬೇಡಿ, ಇಂಗ್ಲಿಷ್‌ನಲ್ಲಿ ಮತ್ತೊಮ್ಮೆ ಹೇಳಬೇಡಿ. ಆಮೇಲೆ ‘ದಾಮೆ ದೋಸ್’, ‘ದಾಮೆ ಸಿಯೆತೆ’ ಎಂದು ಕ್ರಮ ತಪ್ಪಿಸಿ ಕೇಳಿ. ಸಲೀಸಾಗಿ ‘ಊನೊ, ದೋಸ್, ತ್ರೇಸ್’ ಹೇಳುವ ಎಷ್ಟೋ ಮಕ್ಕಳು ಇಲ್ಲಿ ಒಂದು ಹಿಡಿ ಮುಚ್ಚಳ ಎತ್ತಿ ಕೈಗೆ ಸುರಿಯುತ್ತಾರೆ. ಅಂಥ ಮಗುವಿಗೆ ಸಂಖ್ಯೆಗಳು ಹಾಡಿನ ಸಾಲಾಗಿ ಬಾಯಿಪಾಠವಾಗಿವೆ, ಪದಗಳಾಗಿ ಇನ್ನೂ ಬಿಡಿಬಿಡಿಯಾಗಿಲ್ಲ. ಕೇಳುವ ಮೊದಲು ಇದನ್ನೇ ಕನ್ನಡದಲ್ಲಿ ಒಮ್ಮೆ ಮಾಡಿಸಿ ನೋಡಿ. ‘ಏಳು ಕೊಡು’ ಎಂದರೆ ಕನ್ನಡದಲ್ಲೂ ತಡವರಿಸಿದರೆ ಸ್ಪ್ಯಾನಿಷ್‌ನ ದೋಷವೇನೂ ಇಲ್ಲ. ಆ ವಯಸ್ಸಿಗೆ ಏಳರ ಲೆಕ್ಕವೇ ಇನ್ನೂ ಗಟ್ಟಿಯಾಗಿಲ್ಲ ಅಷ್ಟೆ.

ಉಚ್ಚಾರದ ಹೊಗಳಿಕೆಯನ್ನು ಪೂರ್ತಿ ಪಕ್ಕಕ್ಕಿಡಿ. ಕನ್ನಡದ ಮಕ್ಕಳಿಗೆ ಸ್ಪ್ಯಾನಿಷ್ ಧ್ವನಿಗಳು ಅರ್ಧ ತಯಾರಾಗಿಯೇ ಸಿಕ್ಕಿರುತ್ತವೆ. ಅಲ್ಲಿನ ತ, ದ ನಮ್ಮವುಗಳ ಹಾಗೆ ಹಲ್ಲಿಗೆ ತಾಗಿ ಬರುತ್ತವೆ. ಪ, ತ, ಕ ಉಸಿರು ಊದದೆ ಬರುತ್ತವೆ. ಅ, ಎ, ಇ, ಒ, ಉ ಐದೂ ಸ್ವರಗಳು ಪರಿಚಿತ. ಇಂಗ್ಲಿಷ್ ಮನೆಯ ಮಗು ಒಂದು ವರ್ಷ ಕಷ್ಟಪಟ್ಟು ಸರಿಪಡಿಸಿಕೊಳ್ಳುವುದು ನಿಮ್ಮ ಮಗಳಿಗೆ ಮೊದಲ ದಿನವೇ ಬರುತ್ತದೆ. ಕೇಳಿದವರು ಇದನ್ನು ಭಾಷಾಜ್ಞಾನವೆಂದು ಭಾವಿಸುತ್ತಾರೆ. ಶಾಲೆಯಲ್ಲಿ ಟೀಚರ್ ಕೂಡ ಹಾಗೆ ಭಾವಿಸಿ ಅವಳ ಮಟ್ಟಕ್ಕಿಂತ ಮೇಲಿನ ಗುಂಪಿನಲ್ಲಿ ಕೂರಿಸುವ ಸಾಧ್ಯತೆ ಇದೆ, ಅದನ್ನು ಮುಂಚೆಯೇ ತಿಳಿಸಿಡುವುದು ಒಳ್ಳೆಯದು.

ಇನ್ನು ಮೌಲ್ಯಮಾಪನ. ಕಾರ್ಯಕ್ರಮ ಯಾರಿಗಾಗಿ, ಯಾವ ಗುರಿಗೆ ಮಾಡಿದ್ದು ಎಂಬುದರಿಂದ ಶುರು ಮಾಡಬೇಕು. ‘ದ್ವಿಭಾಷಾ’ ಎಂಬ ಹಣೆಪಟ್ಟಿಯಿಂದ ಏನೂ ತಿಳಿಯುವುದಿಲ್ಲ. ‘ಅಲ್ಮಾಸ್ ವೇ’ (2021) ನ್ಯೂಯಾರ್ಕಿನ ಬ್ರಾಂಕ್ಸ್‌ನ ಪೋರ್ಟೊರೀಕೊ ಮೂಲದ ಹುಡುಗಿಯ ಕಥೆ. ನಿಂತು ಯೋಚಿಸಿ ಸಮಸ್ಯೆ ಬಿಡಿಸುವುದನ್ನು ಕಲಿಸಲು ಹೊರಟದ್ದು. ‘ರೋಸೀಸ್ ರೂಲ್ಸ್’ (2022) ಟೆಕ್ಸಾಸ್‌ನಲ್ಲೇ ನಡೆಯುವ ಮೆಕ್ಸಿಕನ್-ಅಮೆರಿಕನ್ ಕುಟುಂಬದ ಕಥೆ. ಅದರ ಪಾಠ ಸಮಾಜ ವಿಜ್ಞಾನ. 2000ದಲ್ಲಿ ಬಂದ ‘ಡೋರಾ’ದಲ್ಲಿ ಸಮಸ್ಯೆ ಬಿಡಿಸುವುದು ಮುಖ್ಯ, ಸ್ಪ್ಯಾನಿಷ್ ಅದರ ಜೊತೆಗೆ. ಲ್ಯಾಟಿನ್ ಅಮೆರಿಕದಲ್ಲಿ ಅದೇ ಡೋರಾ ಸ್ಪ್ಯಾನಿಷ್ ಮಾತಾಡಿ ಇಂಗ್ಲಿಷ್ ಪದ ಕಲಿಸುತ್ತಾಳೆ. 2004ರ ‘ಮಾಯಾ ಅಂಡ್ ಮಿಗೆಲ್’ನ ದೊಡ್ಡ ಗುರಿ ಸ್ಪ್ಯಾನಿಷ್ ಮನೆಗಳ ಮಕ್ಕಳ ಇಂಗ್ಲಿಷ್. ಇವುಗಳನ್ನೆಲ್ಲ ‘ಸ್ಪ್ಯಾನಿಷ್ ಎಷ್ಟು ಕಲಿಸಿತು’ ಎಂಬ ಒಂದೇ ಕೋಲಿನಿಂದ ಅಳೆದರೆ ಕಾರ್ಯಕ್ರಮಕ್ಕೂ ಅನ್ಯಾಯ, ನಿಮಗೂ ದಾರಿ ತಪ್ಪುತ್ತದೆ. ಹಾಗಂತ ನಿಮಗೆ ಬೇಕಾದದ್ದನ್ನು ಅಳೆಯಬಾರದೆಂದಲ್ಲ. ಪಟ್ಟಿಯಲ್ಲಿ ‘ಇದರ ಗುರಿ ಇಂಥದ್ದು; ಸ್ಪ್ಯಾನಿಷ್ ಮಟ್ಟಿಗೆ ನಾವು ಕಂಡದ್ದು ಇಷ್ಟು’ ಎಂದು ಎರಡನ್ನೂ ಬೇರೆ ಬೇರೆ ಬರೆಯಿರಿ.

ಈ ಕೆಲಸಕ್ಕೆ ನಿಮ್ಮ ಊರೇ ಹಳೆಯ ನೆಲೆ. 1968ರ ದ್ವಿಭಾಷಾ ಶಿಕ್ಷಣ ಕಾಯ್ದೆಯ ಹಣದಿಂದ, ಐದಾ ಬರೇರಾ ಅವರ ಮುಂದಾಳತ್ವದಲ್ಲಿ, 1970ರಲ್ಲಿ ಸ್ಯಾನ್ ಆಂಟೋನಿಯೊ–ಆಸ್ಟಿನ್ ಪ್ರದೇಶದ ಕೆಎಲ್‌ಆರ್‌ಎನ್ ವಾಹಿನಿಯಿಂದ ‘ಕರಸ್ಕೊಲೆಂದಾಸ್’ ಶುರುವಾಯಿತು. ಮೆಕ್ಸಿಕನ್-ಅಮೆರಿಕನ್ ಮಕ್ಕಳಿಗಾಗಿ ಮಾಡಿದ ಆ ಸರಣಿಯ ಮೌಲ್ಯಮಾಪನವನ್ನು ಟೆಕ್ಸಾಸ್ ವಿಶ್ವವಿದ್ಯಾಲಯದ ಫ್ರೆಡರಿಕ್ ವಿಲಿಯಮ್ಸ್ ಮತ್ತು ಡಯಾನಾ ನಟಾಲಿಸಿಯೊ ಮಾಡಿದರು. ಮಕ್ಕಳನ್ನು ಎರಡೂ ಭಾಷೆಗಳಲ್ಲಿ ಪರೀಕ್ಷಿಸಬೇಕು ಎಂಬ ಪದ್ಧತಿ ಟಿವಿಯ ವಿಷಯದಲ್ಲಿ ಗಟ್ಟಿಯಾದದ್ದು ಆ ದಶಕದಲ್ಲೇ. ಕೆಳಗಿನ ಕ್ರಮ ಅದೇ ಜಾಡಿನದು, ಮನೆಮಟ್ಟಕ್ಕೆ ಇಳಿಸಿದ್ದು.

ಮೊದಲ ಕೆಲಸ ಮಗುವಿಲ್ಲದೆ. ಒಂದು ಕಾರ್ಯಕ್ರಮದ ಎರಡು ಕಂತು ಆರಿಸಿಕೊಳ್ಳಿ. ಒಂದೇ ಕಂತು ಸಾಲದು, ಏಕೆಂದರೆ ಹಬ್ಬದ ಕಂತೋ ಅಜ್ಜಿ ಊರಿಂದ ಬರುವ ಕಂತೋ ಕೈಗೆ ಸಿಕ್ಕರೆ ಸ್ಪ್ಯಾನಿಷ್ ವಿಪರೀತ ಜಾಸ್ತಿ ಇರುತ್ತದೆ. ಫೋನಿನಲ್ಲಿ 15 ಸೆಕೆಂಡಿಗೊಮ್ಮೆ ಬೀಪ್ ಬರುವ ಟೈಮರ್ ಇಟ್ಟು, ಬೀಪ್ ಆದ ಕ್ಷಣದಲ್ಲಿ ನಡೆಯುತ್ತಿರುವ ಮಾತು ಯಾವ ಭಾಷೆಯದೆಂದು ಗುರುತು ಹಾಕುತ್ತಾ ಹೋಗಿ: ಸ್ಪ್ಯಾನಿಷ್, ಇಂಗ್ಲಿಷ್, ಬೆರಕೆ, ಮಾತಿಲ್ಲ. 24 ನಿಮಿಷದ ಕಂತಿಗೆ 96 ಗುರುತು ಬೀಳುತ್ತವೆ. ಇದರಿಂದ ಒಟ್ಟು ಪ್ರಮಾಣ ತಿಳಿಯುತ್ತದೆ. ಆದರೆ ಒಗ್ಗರಣೆಯ ಹಾಗೆ ಅಲ್ಲೊಂದು ಇಲ್ಲೊಂದು ಪದ ಬೀಳಿಸುವ ಕಾರ್ಯಕ್ರಮಗಳಲ್ಲಿ ಸ್ಪ್ಯಾನಿಷ್ ಪೂರ್ತಿ ಎರಡು ಬೀಪುಗಳ ನಡುವೆ ಜಾರಿಹೋಗುತ್ತದೆ. ಅದಕ್ಕೆ ಇನ್ನೊಂದು ಸಲ ಅಲ್ಲಲ್ಲಿ ನಿಲ್ಲಿಸುತ್ತಾ ನೋಡಿ, ಪ್ರತಿ ಸ್ಪ್ಯಾನಿಷ್ ಮಾತನ್ನೂ ಬರೆದುಕೊಳ್ಳಬೇಕು. ಒಂದು ಕಂತಿಗೆ ಒಂದೂವರೆ ಗಂಟೆ ಹಿಡಿಯುತ್ತದೆ.

ಪ್ರತಿ ಮಾತಿನ ಎದುರು ಇಷ್ಟು ಬರೆಯಿರಿ: ಯಾರು ಹೇಳಿದರು, ಒಂಟಿ ಪದವೋ, ಪದಪುಂಜವೋ, ಪೂರ್ಣ ವಾಕ್ಯವೋ, ಆ ವಸ್ತು ಅದೇ ಹೊತ್ತಿಗೆ ಪರದೆಯಲ್ಲಿ ಕಾಣುತ್ತಿತ್ತೋ, ತಕ್ಷಣ ಇಂಗ್ಲಿಷ್ ಅನುವಾದ ಬಂತೋ, ಮಗು ಉತ್ತರಿಸಲು ಎಷ್ಟು ಸೆಕೆಂಡ್ ಬಿಟ್ಟರು. ಕೊನೆಯದಾಗಿ, ಎಲ್ಲಕ್ಕಿಂತ ಮುಖ್ಯವಾಗಿ, ಈ ಮಾತನ್ನು ಅಳಿಸಿದರೆ ಕಥೆ ನಿಲ್ಲುತ್ತದೆಯೇ?

ಒಂದು ದೃಶ್ಯ ಅಂದುಕೊಳ್ಳಿ. ಬಾಗಿಲಿಗೆ ಬೀಗ. ನಾಯಕಿ ‘ವಿ ನೀಡ್ ಎ ಕೀ’ ಎನ್ನುತ್ತಾಳೆ. ‘ಲಾ ಯಾಬೆ! ಸೇ ಯಾಬೆ!’ ಎರಡು ಸೆಕೆಂಡ್ ಮೌನ. ‘ಗ್ರೇಟ್!’ ಬಾಗಿಲು ತೆರೆಯುತ್ತದೆ. ನಿಮ್ಮ ಹಾಳೆಯಲ್ಲಿ ಇದು ಒಂದೇ ಪದ, ಎರಡು ಸಲ, ಇಂಗ್ಲಿಷ್ ಮೊದಲೇ ಬಂದಿದೆ, ಮೌನ ಎರಡು ಸೆಕೆಂಡ್, ಅಳಿಸಿದರೂ ಕಥೆ ಓಡುತ್ತದೆ. ಈಗ ಅದನ್ನೇ ತಿರುಗಿಸಿ. ಗೋಡೆಯ ಮೇಲೆ ಕೆಂಪು, ಹಸಿರು, ನೀಲಿ ಮೂರು ಬೀಗದಕೈ. ಒಳಗಿನಿಂದ ಗೆಳೆಯ ಕೂಗುತ್ತಾನೆ: ‘ನೆಸೆಸೀತೊ ಲಾ ಯಾಬೆ ರೋಹಾ!’ ಯಾರೂ ಅನುವಾದಿಸುವುದಿಲ್ಲ. ನಾಯಕಿ ತಪ್ಪಾಗಿ ಹಸಿರನ್ನು ಮುಟ್ಟುತ್ತಾಳೆ, ಅವನು ಮತ್ತೆ ‘ನೋ, ಲಾ ರೋಹಾ’ ಎನ್ನುತ್ತಾನೆ. ಇಲ್ಲಿ ‘ರೋಹಾ’ ಎಂದರೆ ಕೆಂಪು ಎಂದು ಹೊಳೆಯದಿದ್ದರೆ ಬಾಗಿಲು ತೆರೆಯುವುದಿಲ್ಲ, ಮತ್ತು ಹೊಳೆಯಲು ಬೇಕಾದ ಸುಳಿವೆಲ್ಲ ಕಣ್ಣೆದುರಿಗೇ ಇದೆ. ಎರಡೂ ದೃಶ್ಯಗಳಲ್ಲಿ ಸ್ಪ್ಯಾನಿಷ್‌ನ ಸೆಕೆಂಡುಗಳು ಹೆಚ್ಚುಕಡಿಮೆ ಸಮ. ಕಲಿಕೆಯಲ್ಲಿ ಮಾತ್ರ ಅಜಗಜಾಂತರ. ನಿಮಿಷ ಎಣಿಸಿ ‘30 ಶೇಕಡಾ ಸ್ಪ್ಯಾನಿಷ್’ ಎಂದು ಅಂಕ ಕೊಡುವ ವಿಮರ್ಶೆಗಳ ಮೇಲೆ ನಮಗೆ ಹೆಚ್ಚು ನಂಬಿಕೆ ಇಲ್ಲದಿರುವುದು ಇದಕ್ಕೇ.

ಹಿಂದೆಯೇ ಬರುವ ಅನುವಾದ ಯಾಕೆ ಕೆಟ್ಟದ್ದು ಎಂದರೆ, ಇನ್ನೇನು ಇಂಗ್ಲಿಷ್ ಬರುತ್ತದೆ ಎಂದು ಗೊತ್ತಾದ ಮಗು ಮೊದಲ ಮಾತಿಗೆ ಕಿವಿಗೊಡುವುದನ್ನೇ ಬಿಡುತ್ತದೆ. ಒಂದೊಂದು ವಾಕ್ಯಕ್ಕೂ ಎರಡು ಭಾಷೆ ಬಳಸುವ ತರಗತಿಗಳಲ್ಲೂ ಇದೇ ತೊಂದರೆ. ಮೌನದ ಅವಧಿಯನ್ನೂ ಗಡಿಯಾರ ಹಿಡಿದೇ ಅಳೆಯಿರಿ, ಅಂದಾಜು ಬೇಡ. ಹೊಸ ಭಾಷೆಯಲ್ಲಿ ಉತ್ತರ ಹುಡುಕುವ ನಾಲ್ಕರ ಮಗುವಿಗೆ ನಾಲ್ಕೈದು ಸೆಕೆಂಡ್ ಬೇಕು. ಎರಡು ಸೆಕೆಂಡಿಗೆ ‘ಶಭಾಷ್’ ಬಂದರೆ ಮಗು ಬಾಯಿ ತೆರೆಯುವ ಮೊದಲೇ ಹೊಗಳಿಸಿಕೊಂಡಂತಾಯಿತು.

ಸ್ಪ್ಯಾನಿಷ್ ಯಾರ ಬಾಯಲ್ಲಿ ಬರುತ್ತದೆ ಎಂಬ ಕಾಲಂ ಅನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಹಳೆಯ ಡೋರಾದಲ್ಲಿ ಟಿಕೊ ಎಂಬ ಅಳಿಲು ಬಹುತೇಕ ಸ್ಪ್ಯಾನಿಷ್‌ನಲ್ಲೇ ಮಾತಾಡುತ್ತದೆ. ಅವನಿಗೆ ಕೆಲಸ ಹೇಳಬೇಕಾದರೆ ಸ್ಪ್ಯಾನಿಷ್ ಬೇಕೇ ಬೇಕು. ಅದು ಒಳ್ಳೆಯ ಉಪಾಯ. ಅದರ ಬದಲು ಅಜ್ಜಿ, ಊಟ, ಹಬ್ಬ, ಮುದ್ದಿನ ಮಾತು ಇಷ್ಟಕ್ಕೆ ಮಾತ್ರ ಸ್ಪ್ಯಾನಿಷ್ ಮೀಸಲಾಗಿ, ಯಂತ್ರ, ಲೆಕ್ಕ, ಯೋಜನೆಗೆಲ್ಲ ಇಂಗ್ಲಿಷೇ ಬಂದರೆ, ಯಾವ ಭಾಷೆ ಯಾವುದಕ್ಕೆ ಎಂಬುದು ಮಗುವಿಗೆ ತಾನಾಗಿ ತಿಳಿಯುತ್ತದೆ. ಅಮೆರಿಕದಲ್ಲಿ ಕನ್ನಡದ ಗತಿಯೂ ಅದೇ ತಾನೇ.

ಇಬ್ಬರು ಬೇರೆ ಬೇರೆಯಾಗಿ ಗುರುತು ಹಾಕಿ, ಒಬ್ಬರಿಗೆ ಸ್ಪ್ಯಾನಿಷ್ ಚೆನ್ನಾಗಿ ಬರಬೇಕು. ಆಮೇಲೆ ಹೋಲಿಸಿ. ಇಲ್ಲಿ ಒಂದು ಮೋಸವಿದೆ: 90 ಶೇಕಡಾ ಇಂಗ್ಲಿಷ್ ಇರುವ ಕಾರ್ಯಕ್ರಮದಲ್ಲಿ ಇಬ್ಬರೂ ಅದೇ ಪ್ರಮಾಣದಲ್ಲಿ ಕಣ್ಣುಮುಚ್ಚಿ ಗೀಚಿದರೂ 82 ಶೇಕಡಾ ತಾಳೆಯಾಗುತ್ತದೆ. ಆದ್ದರಿಂದ ಯಾರಾದರೊಬ್ಬರು ‘ಸ್ಪ್ಯಾನಿಷ್’ ಅಥವಾ ‘ಬೆರಕೆ’ ಎಂದ ಗುರುತುಗಳನ್ನಷ್ಟೇ ತೆಗೆದುಕೊಂಡು, ಅವುಗಳಲ್ಲಿ ಎಷ್ಟಕ್ಕೆ ಇನ್ನೊಬ್ಬರೂ ಒಪ್ಪಿದ್ದಾರೆ ನೋಡಿ. ಐದರಲ್ಲಿ ನಾಲ್ಕಕ್ಕಿಂತ ಕಡಿಮೆ ಇದ್ದರೆ ‘ಬೆರಕೆ’ ಎಂದರೇನು ಎಂಬುದನ್ನು ಕೂತು ತೀರ್ಮಾನಿಸಿ ಮತ್ತೆ ಮಾಡಬೇಕು.

ಎರಡನೆಯದು, ಮಗು ನೋಡುತ್ತಿದೆಯೇ ಎಂಬುದು. ಅಮೆರಿಕದ ಮಕ್ಕಳ ಟಿವಿ ಕಾರ್ಯಕ್ರಮ ‘ಸೆಸಮಿ ಸ್ಟ್ರೀಟ್’ನ ಸಂಶೋಧನೆಗೆ ಮುಂದಾಳಾಗಿದ್ದ ಎಡ್ವರ್ಡ್ ಪಾಮರ್ ಟಿವಿಯ ಪಕ್ಕದಲ್ಲಿ ಸ್ಲೈಡ್ ಪ್ರೊಜೆಕ್ಟರ್ ಇಟ್ಟು, ಏಳೆಂಟು ಸೆಕೆಂಡಿಗೊಂದು ಹೊಸ ಚಿತ್ರ ಬದಲಾಗುವಂತೆ ಮಾಡಿ, ಮಗುವಿನ ಕಣ್ಣು ಯಾವಾಗ ಟಿವಿ ಬಿಟ್ಟು ಆಚೆ ಹೋಗುತ್ತದೆ ಎಂದು ಗುರುತು ಹಾಕುತ್ತಿದ್ದರು. ನಿಮಗೆ ಅಷ್ಟು ಬೇಡ. ಎಂದಿನ ಆಟಿಕೆಗಳು ಸುತ್ತಲೂ ಇರಲಿ, ಫೋನನ್ನು ಮಗುವಿನ ಮುಖ ಕಾಣುವಂತೆ ಟಿವಿಯ ಕೆಳಗಿಟ್ಟು ರೆಕಾರ್ಡ್ ಮಾಡಿ, ಆಮೇಲೆ 5 ಸೆಕೆಂಡಿಗೊಮ್ಮೆ ‘ಪರದೆ/ಬೇರೆಡೆ’ ಎಂದು ಗುರುತಿಸಿ. ಸ್ಪ್ಯಾನಿಷ್ ಹಾಡನ್ನು ಇಂಗ್ಲಿಷ್ ಹಾಡಿನ ಜೊತೆಗೇ ಹೋಲಿಸಬೇಕು, ಸ್ಪ್ಯಾನಿಷ್ ಸಂಭಾಷಣೆಯನ್ನು ಇಂಗ್ಲಿಷ್ ಸಂಭಾಷಣೆಯ ಜೊತೆ. ಹಾಡು ಬಂದರೆ ಮಕ್ಕಳು ಹೇಗೂ ತಿರುಗಿ ನೋಡುತ್ತಾರೆ. ಡೇನಿಯಲ್ ಆಂಡರ್ಸನ್ ಮತ್ತು ಜೊತೆಗಾರರು 1981ರಲ್ಲಿ ಸೆಸಮಿಯ ತುಣುಕುಗಳ ಮಾತನ್ನು ಹಿಂದುಮುಂದಾಗಿಸಿ, ತಿಳಿಯದ ಭಾಷೆಗೆ ಬದಲಿಸಿ ತೋರಿಸಿದಾಗ, ಚಿತ್ರ ಅದೇ ಇದ್ದರೂ ಮಕ್ಕಳ ನೋಟ ಕಡಿಮೆಯಾಯಿತು. ಅರ್ಥವಾಗದಿದ್ದಲ್ಲಿ ಕಣ್ಣು ನಿಲ್ಲುವುದಿಲ್ಲ. ಸ್ಪ್ಯಾನಿಷ್ ಬಂದಾಗಲೆಲ್ಲ ಮಗಳು ಆಟಿಕೆಯತ್ತ ತಿರುಗಿದರೆ ಆ ಭಾಗ ಅವಳ ಮಟ್ಟಕ್ಕೆ ಮೀರಿದ್ದು. ನೋಡುತ್ತಲೇ ಇದ್ದಾಳೆ ಎಂಬುದರಿಂದ ಮಾತ್ರ ಕಲಿತಳೆಂದು ಹೇಳಲಾಗದು.

ಕಲಿತದ್ದನ್ನು ಅಳೆಯಲು ಪದಪರೀಕ್ಷೆಯೇ ಬೇಕು, ಮತ್ತು ಅದರಲ್ಲಿ ತೋರಿಸದ ಪದಗಳೂ ಇರಬೇಕು. ಮುಂದಿನ ವಾರ ನೋಡಲಿರುವ ಕಂತುಗಳಲ್ಲಿ ಕನಿಷ್ಠ ಮೂರು ಸಲ ಬರುವ 8 ವಸ್ತುವಾಚಕಗಳನ್ನು ಆರಿಸಿ. ಅವುಗಳಷ್ಟೇ ಸಾಮಾನ್ಯವಾದ, ಆದರೆ ಆ ಕಂತುಗಳಲ್ಲಿ ಬಾರದ ಇನ್ನೂ 8 ಸೇರಿಸಿ. ಎಲೆಫಾಂತೆ, ತ್ರೆನ್, ತೆಲೇಫೊನೊ ಥರದವು ಬೇಡ; ಇಂಗ್ಲಿಷ್ ಗೊತ್ತಿರುವ ಮಗು ಊಹಿಸಿಬಿಡುತ್ತದೆ. ಪ್ರತಿ ಪದಕ್ಕೂ ನಾಲ್ಕು ಚಿತ್ರಗಳ ಒಂದು ಹಾಳೆ. ‘ಪಾತೊ’ (ಬಾತುಕೋಳಿ) ಕೇಳಬೇಕೆಂದರೆ ಬಾತುಕೋಳಿ, ಅದೇ ಗುಂಪಿನ ಕೋಳಿ, ಧ್ವನಿ ಹತ್ತಿರವಿರುವ ‘ಪ್ಲಾತೊ’ ಅಂದರೆ ತಟ್ಟೆ, ಯಾವ ಸಂಬಂಧವೂ ಇಲ್ಲದ ಕೊಡೆ. ಮಗು ಕೋಳಿ ತೋರಿಸಿದರೆ ಅರ್ಥದ ಸುತ್ತ ಸುಳಿದಿದೆ, ತಟ್ಟೆ ತೋರಿಸಿದರೆ ಕಿವಿಗೆ ಬಿದ್ದಿದೆ ಆದರೆ ಅರ್ಥ ಕೂಡಿಲ್ಲ. ಈ ಎರಡು ತಪ್ಪುಗಳನ್ನು ಬೇರೆ ಬೇರೆ ಬರೆದಿಟ್ಟರೆ ಬರೀ ಅಂಕಕ್ಕಿಂತ ಹೆಚ್ಚು ತಿಳಿಯುತ್ತದೆ. ಕಾರ್ಯಕ್ರಮದ ಚಿತ್ರಗಳನ್ನು ಬಳಸಬೇಡಿ, ಮಗು ಆ ದೃಶ್ಯವನ್ನು ಗುರುತಿಸುತ್ತದೆಯೇ ಹೊರತು ಪದವನ್ನಲ್ಲ. ಪದವನ್ನು ಸ್ಪ್ಯಾನಿಷ್ ಮಾತೃಭಾಷೆಯವರೊಬ್ಬರಿಂದ ರೆಕಾರ್ಡ್ ಮಾಡಿಸಿಕೊಳ್ಳಿ. ಸರಿ, ತಪ್ಪು ಎನ್ನದೆ ಎಲ್ಲದಕ್ಕೂ ‘ಹ್ಞೂಂ, ಮುಂದಿನದು’ ಎನ್ನಿ. ಮೊದಲು ಮೂರು ಸುಲಭದ ಅಭ್ಯಾಸ ಹಾಳೆ ಇರಲಿ. ಎಲ್ಲ ಸೇರಿ ಹತ್ತು ನಿಮಿಷ ಮೀರಬಾರದು. ಕೆಲವು ಮಕ್ಕಳು ಸುಸ್ತಾದಾಗ ಎಲ್ಲದಕ್ಕೂ ಒಂದೇ ಮೂಲೆಗೆ ಬೆರಳಿಡುತ್ತಾರೆ. 16ರಲ್ಲಿ 12 ಉತ್ತರ ಒಂದೇ ಮೂಲೆಗೆ ಬಿದ್ದಿದ್ದರೆ ಆ ದಿನದ ಹಾಳೆ ಲೆಕ್ಕಕ್ಕಿಲ್ಲ.

ನಾಲ್ಕರಲ್ಲೊಂದು ಆರಿಸುವಾಗ ಅದೃಷ್ಟದಿಂದಲೇ 8ಕ್ಕೆ 2 ಸರಿಯಾಗುತ್ತವೆ. 4 ಅಥವಾ ಹೆಚ್ಚು ಸರಿಯಾಗುವುದು ನೂರರಲ್ಲಿ ಹನ್ನೊಂದು ಸಲ ಬರೀ ಅದೃಷ್ಟ. 5 ಅಥವಾ ಹೆಚ್ಚು ನೂರರಲ್ಲಿ ಮೂರಕ್ಕೂ ಕಡಿಮೆ. ಹಾಗಾಗಿ ‘ನಾಲ್ಕು ಬಂತು’ ಎಂದು ಸಂಭ್ರಮಿಸಬೇಡಿ. ಇದೇ ಪರೀಕ್ಷೆಯನ್ನು ಕಂತು ನೋಡುವ ಮೊದಲು, ನೋಡಿ ಮುಗಿದ ಮರುದಿನ, ಎರಡು ವಾರ ಬಿಟ್ಟು, ಹೀಗೆ ಮೂರು ಸಲ ಮಾಡಿ. ಪ್ರತಿಸಲ ಚಿತ್ರಗಳ ಜಾಗ ಬದಲಿಸಿ. ತೋರಿಸಿದ ಪದಗಳಲ್ಲಾದ ಏರಿಕೆಯಿಂದ ತೋರಿಸದ ಪದಗಳಲ್ಲಾದ ಏರಿಕೆಯನ್ನು ಕಳೆಯಿರಿ. ತೋರಿಸದವೂ ಏರಿದ್ದರೆ ಪರೀಕ್ಷೆಯೇ ಕಲಿಸಿತು ಅಥವಾ ಪಕ್ಕದ ಮನೆಯ ಮಕ್ಕಳಿಂದ ಬಂತು. ಟಿವಿಯ ಖಾತೆಗೆ ಅದನ್ನು ಹಾಕುವಂತಿಲ್ಲ.

ನಿಮ್ಮ ಹಾಳೆಯಲ್ಲಿ ಕನ್ನಡಕ್ಕೊಂದು ಕಾಲಂ ಇರಲೇಬೇಕು. ಪ್ರತಿ ಚಿತ್ರಕ್ಕೂ ಮಗುವಿಗೆ ಕನ್ನಡದಲ್ಲಿ, ಇಂಗ್ಲಿಷ್‌ನಲ್ಲಿ ಹೆಸರು ಗೊತ್ತೇ ಎಂದು ಬೇರೆ ದಿನ ಕೇಳಿಟ್ಟುಕೊಳ್ಳಿ. ಎರಡು ಭಾಷೆಯ ಮಕ್ಕಳ ಪದಸಂಪತ್ತನ್ನು ಒಂದೊಂದೇ ಭಾಷೆಯಲ್ಲಿ ಎಣಿಸದೆ ಒಟ್ಟು ಎಷ್ಟು ವಿಷಯಗಳಿಗೆ ಯಾವುದಾದರೂ ಭಾಷೆಯಲ್ಲಿ ಹೆಸರಿದೆ ಎಂದು ಎಣಿಸಬೇಕೆಂಬುದನ್ನು ಮಯಾಮಿಯ ಸ್ಪ್ಯಾನಿಷ್–ಇಂಗ್ಲಿಷ್ ಮಕ್ಕಳ ಬಗ್ಗೆ ಬಾರ್ಬರಾ ಪಿಯರ್ಸನ್ ಮತ್ತಿತರರ 1993ರ ಕೆಲಸ ಚೆನ್ನಾಗಿ ತೋರಿಸಿತು. ಶಾಲೆ ಬಳಸುವ ಪೀಬಡಿ ಚಿತ್ರಪದ ಪರೀಕ್ಷೆಯಾಗಲಿ, ಮೆಕ್ಸಿಕೊ ಮತ್ತು ಪೋರ್ಟೊರೀಕೊದ ಮಕ್ಕಳ ಅಂಕಗಳನ್ನು ಹೋಲಿಕೆಯ ಅಳತೆಗೋಲಾಗಿಟ್ಟ ಅದರ ಸ್ಪ್ಯಾನಿಷ್ ರೂಪವಾಗಲಿ ನಿಮ್ಮ ಮಗಳ ಕನ್ನಡವನ್ನು ಕಾಣುವುದೇ ಇಲ್ಲ. ಅಲ್ಲಿನ ಅಂಕ ನೋಡಿ ಗಾಬರಿಯಾಗಬೇಡಿ. ಚಮಚ ಎಂಬುದು ಕನ್ನಡದಲ್ಲಿ ಗೊತ್ತಿದ್ದರೆ ಟಿವಿಯಿಂದ ‘ಕುಚಾರಾ’ ಕಲಿಯಲು ಹೆಸರೊಂದನ್ನು ಅಂಟಿಸಿಕೊಂಡರೆ ಸಾಕು. ವಸ್ತುವೇ ಹೊಸದಾಗಿದ್ದರೆ ಎರಡು ಕೆಲಸ ಒಟ್ಟಿಗೆ, ಅದು ಟಿವಿಯಿಂದ ಅಪರೂಪ.

ಸ್ಪ್ಯಾನಿಷ್ ಎಲ್ಲ ಕಡೆ ಒಂದೇ ಅಲ್ಲ ಎಂಬುದೂ ಪರೀಕ್ಷೆಯನ್ನು ಕೆಡಿಸುತ್ತದೆ. ಬಸ್ಸಿಗೆ ಮೆಕ್ಸಿಕೊದಲ್ಲಿ ‘ಕಮ್ಯೋನ್’, ಪೋರ್ಟೊರೀಕೊ, ಕ್ಯೂಬಾಗಳಲ್ಲಿ ‘ಗ್ವಾಗ್ವಾ’. ಅದೇ ‘ಗ್ವಾಗ್ವಾ’ ಚಿಲಿಯಲ್ಲಿ ಕೂಸು. ಗಾಳಿಪಟಕ್ಕೆ ಒಂದು ಕಡೆ ‘ಪಾಪಲೊತೆ’, ಇನ್ನೊಂದು ಕಡೆ ‘ಚಿರಿಂಗಾ’, ಮತ್ತೊಂದು ಕಡೆ ‘ಕೊಮೇತಾ’. ಬ್ರಾಂಕ್ಸ್‌ನ ಅಲ್ಮಾಳಿಂದ ಕಲಿತದ್ದನ್ನು ಟೆಕ್ಸಾಸ್‌ನ ಮೆಕ್ಸಿಕನ್ ಮೂಲದ ಟೀಚರ್ ಬೇರೆ ಪದದಲ್ಲಿ ಕೇಳಿದರೆ ಮಗು ಸುಮ್ಮನಾಗುತ್ತದೆ. ಇಂಥ ಪದಗಳನ್ನು ಪಟ್ಟಿಯಿಂದ ಬಿಡಿ, ಅಥವಾ ಕಾರ್ಯಕ್ರಮ ಬಳಸಿದ ರೂಪದಲ್ಲೇ ಕೇಳಿ.

ಎಷ್ಟು ನಿರೀಕ್ಷಿಸಬಹುದು? ಮೇಬಲ್ ರೈಸ್ ಮತ್ತು ಲಿಂಡಾ ವುಡ್ಸ್‌ಮಾಲ್ 1988ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಮಕ್ಕಳು ತಮ್ಮದೇ ಭಾಷೆಯ ಚಿಕ್ಕ ಕಾರ್ಟೂನನ್ನು ಎರಡು ಸಲ ನೋಡಿದರು. ಅದರಲ್ಲಿದ್ದ 20 ಅಪರಿಚಿತ ಪದಗಳಲ್ಲಿ ಐದು ವರ್ಷದವರು ಸರಾಸರಿ ಐದರ ಹತ್ತಿರ ಹಿಡಿದರು, ಮೂರು ವರ್ಷದವರು ಒಂದೂವರೆ. ತಮ್ಮ ಭಾಷೆಯಲ್ಲೇ ಇಷ್ಟು. ವಾರಕ್ಕೆ ಎರಡು ಮೂರು ಸ್ಪ್ಯಾನಿಷ್ ಪದ ಎರಡು ವಾರದ ನಂತರವೂ ಉಳಿದಿದ್ದರೆ ನಾಲ್ಕರ ಮಗುವಿಗೆ ಅದು ಒಳ್ಳೆಯ ಫಲವೆಂದೇ ಎಣಿಸಿ. ‘ಡೋರಾ ನೋಡಿದ ಮಕ್ಕಳಿಗೆ ಹೆಚ್ಚು ಪದ ಬರುತ್ತದೆ ಎಂದು ಸಾಬೀತಾಗಿದೆ’ ಎಂದು ಯಾರಾದರೂ ಹೇಳಿದರೆ ಅವರ ಮನಸ್ಸಿನಲ್ಲಿರುವುದು ಬಹುಶಃ ಲೈನ್‌ಬಾರ್ಗರ್ ಮತ್ತು ವಾಕರ್ ಅವರ 2005ರ ಅಧ್ಯಯನ. ಅದರಲ್ಲಿದ್ದದ್ದು 51 ಮಕ್ಕಳು, 6ರಿಂದ 30 ತಿಂಗಳವರೆಗೆ. ಏನು ನೋಡಿದರೆಂಬುದು ಪೋಷಕರು ಬರೆದ ಲೆಕ್ಕ. ಅಳೆದದ್ದು ಇಂಗ್ಲಿಷ್ ಬೆಳವಣಿಗೆ. ಸ್ಪ್ಯಾನಿಷ್ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ.

ಗುಂಪಿನ ಕೆಲಸಕ್ಕೆ ಬರೋಣ. ‘ಅರ್ಧ ಮಕ್ಕಳಿಗೆ ತೋರಿಸಿ, ಅರ್ಧ ಮಕ್ಕಳಿಗೆ ಬೇಡ’ ಎಂಬ ಯೋಜನೆ ದೊಡ್ಡವರ ಕೈಯಲ್ಲೇ ಕೆಟ್ಟಿದೆ. 1970ರಲ್ಲಿ ಸ್ಯಾಮ್ಯುಯೆಲ್ ಬಾಲ್ ಮತ್ತು ಗೆರಿ ಆನ್ ಬೊಗಾಟ್ಜ್ ಸೆಸಮಿ ಸ್ಟ್ರೀಟನ್ನು ಅಳೆಯುವಾಗ, ನೋಡಲು ಪ್ರೋತ್ಸಾಹ ಕೊಡದ ಮಕ್ಕಳೂ ತಾವಾಗಿ ನೋಡಿಬಿಟ್ಟರು. ಮರುವರ್ಷ ಅದು ಸುಲಭವಾಗಿ ಸಿಗದ ಊರುಗಳನ್ನು ಹುಡುಕಬೇಕಾಯಿತು. ಅಷ್ಟಾದ ಮೇಲೂ 1975ರಲ್ಲಿ ಥಾಮಸ್ ಕುಕ್ ಮತ್ತವರ ತಂಡ ಆ ಅಂಕಿಗಳನ್ನು ಮತ್ತೆ ಬಿಡಿಸಿ, ಫಲದಲ್ಲಿ ಟಿವಿಯ ಪಾಲೆಷ್ಟು, ಮನೆಗೆ ಬಂದು ಹುರಿದುಂಬಿಸಿದವರ ಪಾಲೆಷ್ಟು ಎಂದು ಪ್ರಶ್ನಿಸಿತು. ಸೆಸಮಿಯ ಸ್ಪ್ಯಾನಿಷ್ ರೂಪವಾದ ಮೆಕ್ಸಿಕೊದ ‘ಪ್ಲಾಸಾ ಸೆಸಮೊ’ ಕಥೆಯೂ ಇದೇ: ಮೊದಲ ಚಿಕ್ಕ ಪ್ರಯೋಗದಲ್ಲಿ ಎದ್ದು ಕಾಣುವ ಲಾಭ, ಆಮೇಲಿನ ದೊಡ್ಡದರಲ್ಲಿ ಬಹುಮಟ್ಟಿಗೆ ಇಲ್ಲ, ಹೋಲಿಕೆಯ ಮಕ್ಕಳೂ ಮನೆಯಲ್ಲಿ ನೋಡುತ್ತಿದ್ದರು. ಈಗಂತೂ ಎಲ್ಲರ ಫೋನಿನಲ್ಲೂ ಎಲ್ಲವೂ ಇದೆ.

ಆದ್ದರಿಂದ ಯಾರಿಗೂ ‘ಬೇಡ’ ಎನ್ನದ ಏರ್ಪಾಟು ಮಾಡಿ. ಎಲ್ಲರೂ ಒಂದೇ ಕಾರ್ಯಕ್ರಮ ನೋಡಲಿ. ಚೀಟಿ ಎತ್ತಿ 15 ಮಕ್ಕಳಿಗೆ 1ರಿಂದ 4ರ ಕಂತು, ಉಳಿದ 15 ಮಕ್ಕಳಿಗೆ 5ರಿಂದ 8ರ ಕಂತು ಕೊಡಿ. ಮೊದಲ ಕಂತುಗಳಲ್ಲಿ ಮಾತ್ರ ಬರುವ 8 ಪದ, ಎರಡನೆಯವುಗಳಲ್ಲಿ ಮಾತ್ರ ಬರುವ 8 ಪದ. ಎಲ್ಲ ಮಕ್ಕಳಿಗೂ 16 ಪದಗಳ ಪರೀಕ್ಷೆ. ಒಬ್ಬರು ನೋಡಿದ ಪದಗಳು ಇನ್ನೊಬ್ಬರಿಗೆ ನೋಡದ ಪದಗಳಾಗುತ್ತವೆ. ಚೀಟಿ ಎತ್ತುವ ಮೊದಲು ಮಕ್ಕಳನ್ನು ಸ್ಪ್ಯಾನಿಷ್ ಮನೆ, ಇಂಗ್ಲಿಷ್ ಮನೆ, ಬೇರೆ ಭಾಷೆಯ ಮನೆ ಎಂದು ಮೂರು ಮಾಡಿ, ಪ್ರತಿ ಗುಂಪಿನೊಳಗೆ ಎತ್ತಿ. ಸ್ಪ್ಯಾನಿಷ್ ಮನೆಯ ಮಕ್ಕಳಿಗೆ ಈ ಪದಗಳು ಹೇಗೂ ಗೊತ್ತಿರುತ್ತವೆ. ಅವರಿಗೆ ಇಂಗ್ಲಿಷ್ ಪದಗಳ ಇನ್ನೊಂದು ಹಾಳೆ ಬೇಕು. ಪರೀಕ್ಷೆ ಮಾಡುವವರಿಗೆ ಯಾವ ಮಗು ಯಾವ ಕಂತು ನೋಡಿದೆ ಎಂದು ತಿಳಿದಿರಬಾರದು, ತಿಳಿದರೆ ಕಣ್ಣು ತಾನಾಗಿ ಸರಿಯುತ್ತರದ ಕಡೆ ಹೋಗುತ್ತದೆ, ಮಕ್ಕಳು ಅದನ್ನು ಓದುತ್ತಾರೆ. ಹೇಳಿದಷ್ಟು ನೋಡದ ಮಗುವನ್ನು ಲೆಕ್ಕದಿಂದ ತೆಗೆಯಬೇಡಿ, ಚೀಟಿಯಲ್ಲಿ ಬಂದ ಗುಂಪಿನಲ್ಲೇ ಎಣಿಸಿ. ಶಿಸ್ತಾಗಿ ನೋಡುವ ಮನೆಗಳನ್ನೇ ಎಣಿಸಿದರೆ ನೀವು ಅಳೆದದ್ದು ಶಿಸ್ತನ್ನು. ‘ವಾರಕ್ಕೆ ಎಷ್ಟು ಗಂಟೆ’ ಎಂದು ಪೋಷಕರನ್ನು ಕೇಳಿದರೆ ಯಾರೂ ನಿಜ ಹೇಳುವುದಿಲ್ಲ. ‘ನಿನ್ನೆ ಸಂಜೆ ಏನು ನೋಡಿದರು’ ಎಂದು ಕೇಳಿ. ಒಂದೊಂದು ಗುಂಪಿಗೆ 15 ಮಕ್ಕಳಿರುವಾಗ ಸರಾಸರಿಯಲ್ಲಿ ಅರ್ಧ ಪದದ ವ್ಯತ್ಯಾಸವನ್ನು ವ್ಯತ್ಯಾಸವೆಂದೇ ಎಣಿಸಬೇಡಿ.

ಮಗಳಿಗೆ ಈಗಲೇ ಏನು ಮಾಡಬಹುದು ಎಂದರೆ, ನಮ್ಮ ಆಯ್ಕೆ ಬೆರಕೆ ಕಾರ್ಯಕ್ರಮಗಳಿಗಿಂತ ಪೂರ್ತಿ ಸ್ಪ್ಯಾನಿಷ್ ಧ್ವನಿಯ ಕಡೆಗೆ. ಅವಳಿಗೆ ಇಷ್ಟವಾದ, ಕಥೆ ಚಿತ್ರದಲ್ಲೇ ತಿಳಿಯುವ ಒಂದು ಕಂತನ್ನು ಮೊದಲು ಇಂಗ್ಲಿಷ್‌ನಲ್ಲಿ ಒಮ್ಮೆ ತೋರಿಸಿ, ಆಮೇಲೆ ಅದೇ ಕಂತನ್ನು ಸ್ಪ್ಯಾನಿಷ್ ಧ್ವನಿಯಲ್ಲಿ ಸತತ ನಾಲ್ಕೈದು ದಿನ. ನಮಗೆ ಬೇಸರ ಬರುತ್ತದೆ, ಅವರಿಗೆ ಬರುವುದಿಲ್ಲ. ‘ಬ್ಲೂಸ್ ಕ್ಲೂಸ್’ ಒಂದೇ ಕಂತನ್ನು ಐದು ದಿನ ಬಿತ್ತರಿಸುತ್ತಿದ್ದದ್ದು ಮಕ್ಕಳು ಮರುನೋಟದಲ್ಲಿ ಹೆಚ್ಚು ಗ್ರಹಿಸಿ ಹೆಚ್ಚು ಉತ್ತರಿಸುತ್ತಾರೆ ಎಂಬ ಕಾರಣಕ್ಕೆ. ಧ್ವನಿ ಆರಿಸುವಾಗ ‘ಲ್ಯಾಟಿನ್ ಅಮೆರಿಕ’ದ ಸ್ಪ್ಯಾನಿಷ್ ಇರಲಿ. ಸ್ಪೇನ್‌ನ ಡಬ್ಬಿಂಗ್‌ನಲ್ಲಿ ‘ನೀವೆಲ್ಲ’ ಎನ್ನಲು ಬೇರೆ ಸರ್ವನಾಮ, ಬೇರೆ ಕ್ರಿಯಾರೂಪ, ಕೆಲವು ಧ್ವನಿಗಳೂ ಬೇರೆ. ಟೆಕ್ಸಾಸ್‌ನ ತರಗತಿಯಲ್ಲಿ ಅವು ಕೇಳುವುದಿಲ್ಲ. ಒಂದು ವಾರಕ್ಕೆ ಎರಡೇ ಪದ ಆರಿಸಿ ಊಟದ ಹೊತ್ತಿಗೆ ನೀವೂ ಬಳಸಿ: ‘ದಾಮೆ ಲಾ ಕುಚಾರಾ’. ಎರಡರಿಂದ ಐದು ವರ್ಷದವರಿಗೆ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2016ರಲ್ಲಿ ಹೇಳಿದ್ದು ದಿನಕ್ಕೆ ಒಂದು ಗಂಟೆ, ಒಳ್ಳೆಯ ಕಾರ್ಯಕ್ರಮ, ಆದಷ್ಟು ಜೊತೆಗೆ ಕೂತು. 24 ನಿಮಿಷದ ಕಂತು ಎರಡಾದರೆ ಗಂಟೆ ಬಹುತೇಕ ಮುಗಿಯಿತು.

10 ತಿಂಗಳ ಮಗನಿಗೆ ಇದರಿಂದ ಸ್ಪ್ಯಾನಿಷ್ ಬರುವುದಿಲ್ಲ. ಪೆಟ್ರೀಷಿಯಾ ಕೂಲ್ ಮತ್ತಿತರರು 2003ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಇಂಗ್ಲಿಷ್ ಮನೆಗಳ ಒಂಬತ್ತು ತಿಂಗಳ ಕೂಸುಗಳು 12 ಸಲ ಮ್ಯಾಂಡರಿನ್ ಕೇಳಿದವು. ಎದುರಿಗೆ ಕೂತ ವ್ಯಕ್ತಿಯಿಂದ ಕೇಳಿದವು ಆ ಭಾಷೆಯ ಧ್ವನಿಭೇದ ಹಿಡಿದವು. ಅದನ್ನೇ ಪರದೆಯಲ್ಲಿ ಕಂಡು ಕೇಳಿದವು ಹಿಡಿಯಲಿಲ್ಲ. ಅದೇ ಅಕಾಡೆಮಿ 2016ರಲ್ಲೇ 18 ತಿಂಗಳೊಳಗಿನವರಿಗೆ ವಿಡಿಯೊ ಕರೆ ಬಿಟ್ಟು ಬೇರೆ ಪರದೆ ಬೇಡ ಎಂದಿತ್ತು. ಅಕ್ಕ ನೋಡುವ ಹೊತ್ತಿಗೆ ಅವನನ್ನು ಬೇರೆ ಕೋಣೆಗೆ ಎತ್ತಿಕೊಂಡು ಹೋಗುವುದೇ ಸರಿ. ವಾರಕ್ಕೊಮ್ಮೆ ಊರಿನ ಅಜ್ಜಿಯ ಜೊತೆ ವಿಡಿಯೊ ಕರೆ ಮಾಡುತ್ತಿದ್ದರೆ ಅದನ್ನು ನಿಲ್ಲಿಸಬೇಡಿ. ಅಲ್ಲಿ ಅವನು ‘ಬ್ಬ’ ಎಂದರೆ ಅಜ್ಜಿ ತಿರುಗಿ ‘ಬ್ಬ’ ಎನ್ನುತ್ತಾರೆ, ಡೋರಾ ಅನ್ನುವುದಿಲ್ಲ.